ಪರೀಕ್ಷೆಯ ಗಾಬರಿಯನ್ನು ಮೈಯಿಂದಲೇ ಇಳಿಸಿ

ಮಾರ್ಚ್ ಬಂತೆಂದರೆ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯ ಮನೆಗಳಲ್ಲಿ ಎಸ್ಸೆಸ್ಸೆಲ್ಸಿಯದೇ ಮಾತು. ಚೆನ್ನಾಗಿ ಓದಿಕೊಂಡ ಮಕ್ಕಳಿಗೂ ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ರಾತ್ರಿ ಗಟ್ಟಿಯಾಗಿ ಒಪ್ಪಿಸಿದ್ದು ಬೆಳಿಗ್ಗೆ ನಾಲಿಗೆಗೆ ಬರುವುದಿಲ್ಲ. 'ಹೆದರಬೇಡ, ಧೈರ್ಯವಾಗಿ ಬರಿ' ಎಂದು ದೊಡ್ಡವರು ಬೆನ್ನು ತಟ್ಟುತ್ತಾರೆ. ಪ್ರೀತಿಯ ಮಾತೇ, ಆದರೆ ಅಷ್ಟರಿಂದ ಗಾಬರಿ ಇಳಿಯುವುದಿಲ್ಲ. ಅಪಾಯ ಎದುರಾಯಿತೆಂದು ಮಿದುಳಿಗೆ ಅನ್ನಿಸಿದೊಡನೆ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಹೃದಯದ ಬಡಿತ ಏರುತ್ತದೆ, ಉಸಿರಾಟ ಚುರುಕಾಗುತ್ತದೆ. ಇದು ಮೈಯಲ್ಲಿ ನಡೆಯುವ ಕ್ರಿಯೆ. ಹಾಗಾಗಿ ಮೈಗೇ ಕೆಲಸ ಕೊಟ್ಟು ಅದನ್ನು ಇಳಿಸಬೇಕು.

ವಾರದ ಮೊದಲೇ ಕೇಂದ್ರ ನೋಡಿ ಬನ್ನಿ

ಗಾಬರಿಯಲ್ಲಿ ದೊಡ್ಡ ಪಾಲು ಗೊತ್ತಿಲ್ಲದ್ದರ ಭಯ. ಪರೀಕ್ಷಾ ಕೇಂದ್ರ ನಿಮ್ಮ ಶಾಲೆಯಲ್ಲೇ ಇರಬೇಕೆಂದೇನಿಲ್ಲ. ಯಾವುದೆಂದು ತಿಳಿದ ಮೇಲೆ ಒಂದು ದಿನ, ಪರೀಕ್ಷೆಗೆ ಹೊರಡಬೇಕಾದ ಹೊತ್ತಿಗೇ ಮನೆ ಬಿಟ್ಟು ಅದರ ಗೇಟಿನವರೆಗೆ ಹೋಗಿ ಬನ್ನಿ. ಭಾನುವಾರ ಬೇಡ, ಕೆಲಸದ ದಿನವೇ ಆಗಲಿ. ಬಸ್ಸು ನಿಜವಾಗಿ ಎಷ್ಟು ಹೊತ್ತಿಗೆ ಬರುತ್ತದೆ, ದೇವನಗೊಂದಿಯ ಟ್ಯಾಂಕರ್ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಎಷ್ಟು ತಡವಾಗುತ್ತದೆ, ಹೊಸಕೋಟೆ ಪೇಟೆ ದಾಟಲು ಎಷ್ಟು ಸಮಯ ಬೇಕು ಎಂಬುದು ಅಂದೇ ಗೊತ್ತಾಗುತ್ತದೆ. ಬಸ್ಸು ತಪ್ಪಿದರೆ ಯಾರ ಬೈಕು, ಯಾವ ಆಟೊ ಎಂಬುದನ್ನೂ ಆಗಲೇ ಮಾತಾಡಿಟ್ಟುಕೊಳ್ಳಿ.

2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡುತ್ತಿದ್ದಾರೆ. ತಪ್ಪೇ ಮಾಡದ ಮಕ್ಕಳೂ ಆ ಕಣ್ಣಿಗೆ ಅಂಜುತ್ತಾರೆ. ಅದಕ್ಕೆ ಅಭ್ಯಾಸವೊಂದೇ ದಾರಿ. ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಒಂದನ್ನು ತೆಗೆದುಕೊಂಡು ಗಡಿಯಾರ ಎದುರಿಗಿಟ್ಟು, ಅಪ್ಪನನ್ನೋ ಅಕ್ಕನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ನಡುವೆ ಏಳದೆ ಪೂರ್ತಿ ಬರೆಯಿರಿ. ಯಾರೋ ನೋಡುತ್ತಿರುವಾಗ ಬರೆಯುವುದು ಎರಡು ಮೂರು ಸಲಕ್ಕೆ ರೂಢಿಯಾಗುತ್ತದೆ.

ಹಿಂದಿನ ರಾತ್ರಿ

ಪ್ರವೇಶಪತ್ರ, ಎರಡು ಪೆನ್ನು, ಜಾಮಿಟ್ರಿ ಬಾಕ್ಸ್, ನೀರಿನ ಬಾಟಲಿ ಎಲ್ಲವನ್ನೂ ಒಂದೇ ಕಡೆ ಜೋಡಿಸಿ ಮಲಗಿ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ರಾತ್ರಿಯಿಡೀ ಕೂತು ಹೊಸ ಪಾಠ ಹಿಡಿಯುವುದರಿಂದ ನಷ್ಟವೇ ಹೆಚ್ಚು.

ಬೆಳಿಗ್ಗೆ

ದಿನಾ ಏನು ತಿನ್ನುತ್ತೀರೋ ಅದನ್ನೇ ತಿನ್ನಿ. ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ಅಭ್ಯಾಸವಿಲ್ಲದವರು ಅಂದೇ ಸ್ಟ್ರಾಂಗ್ ಕಾಫಿ ಕುಡಿಯುವುದು ಬೇಡ, ಎದೆಬಡಿತ ಇನ್ನೂ ಏರುತ್ತದೆ.

ಹೊರಡುವ ಮುನ್ನ ಹತ್ತು ನಿಮಿಷ ಒಂದು ಕೆಲಸ ಮಾಡಿ. ಹಾಳೆ ತೆಗೆದುಕೊಂಡು ನಿಮ್ಮ ಭಯಗಳನ್ನೆಲ್ಲ ಬರೆಯಿರಿ. 'ಗಣಿತದಲ್ಲಿ ಪ್ರಮೇಯ ಮರೆತರೆ?', 'ಕಮ್ಮಿ ಬಂದರೆ ಮಾವ ಏನಂತಾರೆ?', ಏನಿದ್ದರೂ ಸರಿ. ಬರೆದಾದ ಮೇಲೆ ಹರಿದು ಹಾಕಿ. ಷಿಕಾಗೊ ವಿಶ್ವವಿದ್ಯಾಲಯದ ಗೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಮೊದಲು ಹೀಗೆ ಬರೆದುಕೊಂಡವರ ಅಂಕ ಸುಧಾರಿಸಿತ್ತು. ಹೆಚ್ಚು ಅನುಕೂಲವಾದದ್ದು ಸದಾ ಹೆದರುವ ಮಕ್ಕಳಿಗೇ. ತಲೆಯಲ್ಲಿ ಸುತ್ತುತ್ತಿದ್ದ ಚಿಂತೆ ಹಾಳೆಗೆ ಇಳಿದರೆ ಉತ್ತರ ಯೋಚಿಸಲು ತಲೆಗೆ ಬಿಡುವು ಸಿಗುತ್ತದೆ.

ಗೇಟಿನ ಬಳಿ 'ಅದು ಓದಿದ್ಯಾ? ಇದು ಬರತ್ತಂತೆ' ಎನ್ನುವ ಗುಂಪು ಇದ್ದೇ ಇರುತ್ತದೆ. ಗೆಳೆಯರಾದರೂ ಸರಿ, ಆ ಹತ್ತು ನಿಮಿಷ ದೂರ ನಿಲ್ಲಿ.

ಕೊಠಡಿಯೊಳಗೆ

ಕೂತ ಕೂಡಲೇ ಎರಡೂ ಪಾದ ನೆಲಕ್ಕೆ ಊರಿ. ಮೂಗಿನಿಂದ 4 ಎಣಿಸುವವರೆಗೆ ಉಸಿರೆಳೆದುಕೊಳ್ಳಿ, 6 ಎಣಿಸುವವರೆಗೆ ನಿಧಾನವಾಗಿ ಬಿಡಿ. ಐದಾರು ಸಲ ಸಾಕು. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಆದ್ದರಿಂದಲೇ ಬಿಡುವ ಉಸಿರು ಉದ್ದವಾಗಿರಬೇಕು. ಇದನ್ನು ಅಂದೇ ಮೊದಲ ಬಾರಿಗೆ ಮಾಡಿದರೆ ಕೈಹಿಡಿಯುವುದಿಲ್ಲ, ವಾರದಿಂದಲೇ ಮಲಗುವ ಮುಂಚೆ ಅಭ್ಯಾಸ ಮಾಡಿ.

ನೋಂದಣಿ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ನಿಧಾನಕ್ಕೆ ಬರೆಯಿರಿ. ನಡುಗುವ ಕೈ ಹದಕ್ಕೆ ಬರುವುದು ಅಲ್ಲೇ. ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಇರುತ್ತದೆ. ಗಾಬರಿಯಾದ ಕಣ್ಣು ಮೊದಲು ಗೊತ್ತಿಲ್ಲದ ಪ್ರಶ್ನೆಯ ಮೇಲೇ ಬೀಳುತ್ತದೆ, ಅಲ್ಲಿ ನಿಲ್ಲಬೇಡಿ. ಗೊತ್ತಿರುವ ಮೂರು ಪ್ರಶ್ನೆ ಹುಡುಕಿ, ಬರವಣಿಗೆಯನ್ನು ಅವುಗಳಿಂದ ಶುರು ಮಾಡಿ. ನಡುವೆ ತಲೆ ಖಾಲಿಯಾದಂತೆ ಅನ್ನಿಸಿದರೆ ಪೆನ್ನು ಕೆಳಗಿಟ್ಟು, ಒಂದು ಗುಟುಕು ನೀರು ಕುಡಿದು, ಮೂರು ಉಸಿರು ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ. ಮರೆತದ್ದು ಎಷ್ಟೋ ಸಲ ತಾನಾಗಿ ಬರುತ್ತದೆ.

ಹೊರಗೆ ಬಂದ ಮೇಲೆ ಉತ್ತರ ತಾಳೆ ನೋಡುವುದು ಬೇಡ, ನಾಳಿನ ವಿಷಯಕ್ಕೆ ಅದು ತೊಡಕು. ಒಂದು ಪತ್ರಿಕೆ ಕೈಕೊಟ್ಟರೂ ದಾರಿ ಮುಚ್ಚುವುದಿಲ್ಲ. 2023-24ನೇ ಸಾಲಿನಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಮಕ್ಕಳಿಗೆ ಇದನ್ನು ಪರೀಕ್ಷೆಗೆ ಮೊದಲೇ ಹೇಳಬೇಕು, ಫಲಿತಾಂಶ ಬಂದ ಮೇಲಲ್ಲ.

ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಪಕ್ಕದ ಮನೆಯ ಹುಡುಗನ ಅಂಕದ ಮಾತು ಈ ತಿಂಗಳು ಬೇಡ. ಮಗು ದಿನಗಟ್ಟಲೆ ನಿದ್ದೆ ಮಾಡದಿದ್ದರೆ, ಊಟ ಬಿಟ್ಟರೆ, ಬದುಕೇ ಬೇಡ ಎಂಬಂತೆ ಮಾತಾಡಿದರೆ ನಾಳೆ ನೋಡೋಣ ಎನ್ನಬೇಡಿ. ಅಂಥ ಮಗುವನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರೀಯ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಈಗಲೇ ನಿಮ್ಮ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.