ಕ್ಯಾಮೆರಾ ಕಡ್ಡಾಯ ಮಾಡಲೇ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಕೂತು ಆನ್‌ಲೈನ್‌ನಲ್ಲಿ ವಾಣಿಜ್ಯದ ಕೋರ್ಸ್ ನಡೆಸುತ್ತೇನೆ. ವಿದ್ಯಾರ್ಥಿಗಳು ಹೆಚ್ಚಾಗಿ ಕಮಲಾಪುರ ಕಡೆಯವರು. ಹಾಜರಿ ಕೂಗುವ ತನಕ ಇರುತ್ತಾರೆ, ಆಮೇಲೆ ಪರದೆಯ ಮೇಲೆ ಬರೀ ಹೆಸರುಗಳು. ಕ್ಯಾಮೆರಾ ಕಡ್ಡಾಯ ಮಾಡಿದರೆ ಸರಿಹೋದೀತೆ?

ಉತ್ತರ: ಮಾಡಬೇಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 2020ರಲ್ಲಿ ಇಬ್ಬರು ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನೇ ಕೇಳಿ ನೋಡಿದರು: ಕ್ಯಾಮೆರಾ ಯಾಕೆ ಹಾಕುವುದಿಲ್ಲ? ಎಲ್ಲಕ್ಕಿಂತ ಹೆಚ್ಚಾಗಿ ಬಂದ ಉತ್ತರ, ತಾವು ಹೇಗೆ ಕಾಣುತ್ತೇವೋ ಎಂಬ ಸಂಕೋಚ. ಹಿಂದೆ ಮನೆಯವರು ಕಾಣುತ್ತಾರೆ, ನೆಟ್ ಸಾಲದು ಎಂಬುವೂ ಇದ್ದವು. ಅಲ್ಲೇ ಹಾಗಾದರೆ, ಒಂದೇ ಕೋಣೆಯ ಮನೆಯಲ್ಲಿ ಬೆನ್ನ ಹಿಂದೆ ಅವ್ವ ರೊಟ್ಟಿ ಬಡಿಯುತ್ತಿರುವ ಹುಡುಗಿಯ ಪಾಡೇನು? ಅವಳು ‘ನೆಟ್ ಬರವಲ್ದರಿ ಮೇಡಂ’ ಅಂದರೆ ಕೆದಕಲು ಹೋಗಬೇಡಿ.

ನಿಮ್ಮ ತೊಡಕು ಝೂಮ್ ಜೊತೆ ಬಂದದ್ದೂ ಅಲ್ಲ. ನಿಮ್ಮ ಜಿಲ್ಲೆಯಲ್ಲೇ ಅದಕ್ಕೆ ಅರ್ಧ ಶತಮಾನದ ವಯಸ್ಸು. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ ‘ಸೈಟ್’ ಎಂಬ ಪ್ರಯೋಗ ನಡೆಸಿತು. ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ಪಾಠ. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಅಗಲ ಆಂಟೆನಾ, ಊರಿಗೊಂದು ಟೀವಿ, ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಆದರೆ ಮಾತು ಒಂದೇ ದಾರಿಯದು. ‘ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ’ ಎಂದು ಟೀವಿಗೆ ಹೇಳುವುದು ಹೇಗೆ? ಅದೇ ಪ್ರಯೋಗದಲ್ಲಿ ಶಿಕ್ಷಕರಿಗೆ ವಿಜ್ಞಾನದ ತರಬೇತಿ ಕೊಡುವಾಗ ಬರೀ ಟೀವಿಯನ್ನು ನೆಚ್ಚಿಕೊಳ್ಳಲಿಲ್ಲ. ಜೊತೆಗೆ ರೇಡಿಯೋ, ಅಚ್ಚಿನ ಹಾಳೆ, ಕೈಯಾರೆ ಮಾಡುವ ಪ್ರಯೋಗ, ಸಂದೇಹ ಬಂದರೆ ಕೇಳಲು ಸ್ಥಳದಲ್ಲೇ ಒಬ್ಬ ಮನುಷ್ಯ, ಎಲ್ಲ ಇತ್ತು. ನಿಮ್ಮ ಕೋರ್ಸಿನಲ್ಲಿ ಆ ಮನುಷ್ಯ ಯಾರು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಪ್ರತಿ ಊರಿಗೆ ಚುರುಕಾದ ಒಬ್ಬ ವಿದ್ಯಾರ್ಥಿ ಸಾಕು.

ಗಂಟೆಗಟ್ಟಲೆ ಪಾಠ ರೆಕಾರ್ಡ್ ಮಾಡಿ ಹಾಕುವ ಅಭ್ಯಾಸವಿದ್ದರೆ ಬಿಡಿ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳನ್ನು ಜನ ಹೇಗೆ ನೋಡುತ್ತಾರೆ ಎಂದು 2014ರಲ್ಲಿ ಪರಿಶೀಲಿಸಿದಾಗ, ವಿಡಿಯೋ ಎಷ್ಟೇ ಉದ್ದವಿರಲಿ, ನೋಡುಗರು ಸಾಮಾನ್ಯವಾಗಿ ಆರು ನಿಮಿಷ ದಾಟುತ್ತಿರಲಿಲ್ಲ.

ಇನ್ನು ದೂರಶಿಕ್ಷಣದ ವಿದ್ವಾಂಸ ಮೈಕಲ್ ಮೂರ್ 1989ರಲ್ಲಿ ಹೇಳಿದ್ದು: ಕಲಿಯುವವನಿಗೆ ಪಾಠದೊಡನೆ, ಗುರುವಿನೊಡನೆ, ಓರಗೆಯವರೊಡನೆ ಹೀಗೆ ಮೂರು ಬಗೆಯ ಒಡನಾಟ ಬೇಕು. ನಾವು ಮೊದಲೆರಡಕ್ಕೇ ಬೆವರು ಸುರಿಸುತ್ತೇವೆ, ಮೂರನೆಯದನ್ನು ಮರೆಯುತ್ತೇವೆ. ನಿಮ್ಮದು ವಾಣಿಜ್ಯ, ಅವರದು ಕಮಲಾಪುರ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೆಂಪು ಬಾಳೆ ಅವರ ಮನೆಬಾಗಿಲಲ್ಲೇ ಇದೆ. ವೆಚ್ಚ ಲೆಕ್ಕದ ಪಾಠವನ್ನು ಅದರಿಂದಲೇ ಶುರು ಮಾಡಿ. ಒಬ್ಬ ರೈತನನ್ನು ಮಾತಾಡಿಸಿ ಕಂದು, ಗೊಬ್ಬರ, ನೀರು, ಕೂಲಿಯ ಖರ್ಚು ಬರೆದು ತರಲಿ. ಇನ್ನೊಬ್ಬಳು ರಸ್ತೆಬದಿಯ ಡಜನ್ ದರ ಕೇಳಲಿ. ಮತ್ತೊಬ್ಬ ಕಲಬುರಗಿ ಮಾರುಕಟ್ಟೆಯ ದರ ಹಿಡಿದು ಬರಲಿ. ಮೂವರ ಅಂಕಿ ಕೂಡದೆ ಲಾಭ–ನಷ್ಟ ಹೊರಡುವುದಿಲ್ಲ. ಆಗ ಯಾರು ಬಂದಿಲ್ಲ ಎಂದು ನೀವು ಕೂಗಬೇಕಿಲ್ಲ, ಅವರವರೇ ಫೋನ್ ಮಾಡಿ ಎಬ್ಬಿಸುತ್ತಾರೆ. ಉತ್ತರವನ್ನು ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸಲು ಬಿಡಿ. ನೆಟ್ ಕೈಕೊಟ್ಟರೂ ಅದು ಸಂಜೆಯ ಹೊತ್ತಿಗೆ ಬಂದು ತಲುಪುತ್ತದೆ. ಮಾತು ಅವರ ಆಡುನುಡಿಯಲ್ಲೇ ಇರಲಿ, ತಿದ್ದಬೇಡಿ.

ಒಂದು ಎಚ್ಚರಿಕೆ: ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆ ಎಂದುಕೊಳ್ಳಬೇಡಿ. 2020ರ ಆಗಸ್ಟಿನಲ್ಲಿ ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲಿ ರಾಜ್ಯ ಸರ್ಕಾರ ‘ವಿದ್ಯಾಗಮ’ ಎಂಬ ಕಲಿಕಾ ಕಾರ್ಯಕ್ರಮ ಶುರು ಮಾಡಿದಾಗ ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಬರೀ ಮಾತಿನ ಫೋನ್ ಇರುವವರು, ಏನೂ ಇಲ್ಲದವರು ಎಂದು ಮೊದಲೇ ಗುರುತಿಸಿತ್ತು. ಮೇಷ್ಟ್ರುಗಳು ಓಣಿ, ಗುಡಿಕಟ್ಟೆಗಳಿಗೇ ಹೋದರು. ಕೋವಿಡ್ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಆ ವಿಂಗಡಣೆಯನ್ನು ನೀವು ಈಗಲೂ ಮಾಡಬಹುದು. ಮೊದಲ ವಾರವೇ ಕೇಳಿ: ಫೋನ್ ನಿನ್ನದೋ ಅಣ್ಣನದೋ? ಅವನು ಕೆಲಸದಿಂದ ಬರುವುದು ಎಷ್ಟಕ್ಕೆ? ಎಷ್ಟೋ ಸಲ ತರಗತಿಯ ಹೊತ್ತು ಬದಲಿಸಿದರೇ ಅರ್ಧ ಹೆಸರುಗಳಿಗೆ ದನಿ ಬರುತ್ತದೆ. ತಿಂಗಳಿಗೊಮ್ಮೆ ನೀವೇ ಹುಮನಾಬಾದ ಬಸ್ ಹತ್ತಿ ಕಮಲಾಪುರದಲ್ಲಿ ಇಳಿಯಿರಿ. ಬಾಳೆಯ ಲೆಕ್ಕ ಅಲ್ಲೇ ಕೂತು ನೋಡಬಹುದು.