ಪರೀಕ್ಷೆಯ ಭಯ ಮತ್ತು ಮೆದುಳಿನ ಕಾರ್ಖಾನೆ

ಕಾಮರ್ಸ್ ವಿದ್ಯಾರ್ಥಿನಿಗೆ ಮೆದುಳಿನ ಉಸಾಬರಿ ಯಾಕೆ ಎಂದು ವಿಜ್ಞಾನ ವಿಭಾಗದವರು ನಗಬಹುದು. ಪೂರ್ವಸಿದ್ಧತಾ ಪರೀಕ್ಷೆಯ ದಿನ ಬ್ಯಾಲೆನ್ಸ್ ಶೀಟ್ ತಾಳೆಯಾಗದೆ ನನ್ನ ಕೈ ನಡುಗಿತು, ಎದೆ ಡವಡವ ಹೊಡೆದುಕೊಂಡಿತು. ಗೆಳತಿಯೊಬ್ಬಳು, "ನಡುಕ ನಿಲ್ಲಿಸೋ ಮಾತ್ರೆ ಇದೆ, ನಮ್ಮ ಮಾಮು ತಗೊಳ್ತಾರೆ, ತಂದುಕೊಡ್ಲಾ?" ಎಂದಳು. ಬಿ.ಫಾರ್ಮಾ ಓದುವ ನನ್ನ ಆಪಾಗೆ ಇದನ್ನು ಹೇಳಿದೆ. ಮೊದಲು ಬೈದಳು, ಆಮೇಲೆ ಉರ್ದುವಿನಲ್ಲಿ ಪಾಠ ಮಾಡಿದಳು. ಅದನ್ನೇ ನನಗೆ ಬರುವ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಭಯವಾದಾಗ ಮೆದುಳಿನ ಬುಡದಲ್ಲಿರುವ ಕೆಲವು ನರಕೋಶಗಳು ನಾರ್‌ಅಡ್ರಿನಲಿನ್ ಬಿಡುತ್ತವೆ. ಅದನ್ನು ಹಿಡಿಯುವ ಪ್ರೋಟೀನುಗಳೇ ಅಡ್ರಿನರ್ಜಿಕ್ ಗ್ರಾಹಕಗಳು. (ನಮ್ಮ ಪುಸ್ತಕದಲ್ಲಿ ಗ್ರಾಹಕ ಅಂದರೆ ಗಿರಾಕಿ. ಇಲ್ಲಿ ಆರ್ಡರ್ ಪಡೆಯುವವನು ಅವನೇ!) ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಇವನ್ನು ಆಲ್ಫಾ, ಬೀಟಾ ಎಂದು ವಿಂಗಡಿಸಿದರು. ಹೈಪೋಥಲಾಮಸ್‌ನ ಒಂದು ಪುಟ್ಟ ಭಾಗದಲ್ಲಿ ನಾರ್‌ಅಡ್ರಿನಲಿನ್ ಮುಖ್ಯವಾಗಿ ಆಲ್ಫಾ-1 ಗ್ರಾಹಕಕ್ಕೆ ಅಂಟಿಕೊಂಡಾಗ ಸಿಆರ್‌ಎಚ್ ಎಂಬ ನ್ಯೂರೋಪೆಪ್ಟೈಡ್ ಹೊರಬರುತ್ತದೆ. ಅದು 41 ಅಮೈನೋ ಆಮ್ಲಗಳ ಸರಪಳಿ. 1981ರಲ್ಲಿ ವೈಲಿ ವೇಲ್ ಅವರ ತಂಡ ಕುರಿಯ ಮೆದುಳಿನಿಂದ ಅದನ್ನು ಬೇರ್ಪಡಿಸಿ ರಚನೆ ತಿಳಿಸಿತು.

ನನಗೆ ಹಿಡಿಸಿದ್ದು ಮುಂದಿನ ಭಾಗ. ನಾರ್‌ಅಡ್ರಿನಲಿನ್ ಅನ್ನು ನರದ ತುದಿ ವಾಪಸ್ ಎಳೆದುಕೊಂಡು ಮತ್ತೆ ಬಳಸುತ್ತದೆ. ನ್ಯೂರೋಪೆಪ್ಟೈಡ್ ಹಾಗಲ್ಲ. ಹೋದ ಸರಕು ಹೋಯಿತು, ಸೇಲ್ಸ್ ರಿಟರ್ನ್ ಇಲ್ಲ. ಖಾಲಿಯಾದ ಸ್ಟಾಕ್ ತುಂಬಲು ಕೋಶಕೇಂದ್ರದಲ್ಲಿರುವ ಜೀನಿಗೇ ಆರ್ಡರ್ ಹೋಗಬೇಕು. ಗ್ರಾಹಕ ಕೋಶದ ಹೊರಗೋಡೆಯಲ್ಲಿರುತ್ತದೆ, ತಾನೇ ಒಳಗೆ ಹೋಗುವುದಿಲ್ಲ. ಅದು ಚುರುಕಾದಾಗ ಒಳಗೆ ಕ್ಯಾಲ್ಸಿಯಂ ಏರುತ್ತದೆ, ಕಿಣ್ವಗಳು ಒಂದಾದ ಮೇಲೊಂದು ಎಚ್ಚೆತ್ತು ಸುದ್ದಿಯನ್ನು ಜೀನಿಗೆ ಮುಟ್ಟಿಸುತ್ತವೆ. ಆಗ ಆರ್‌ಎನ್‌ಎ ನಕಲು ಸಿದ್ಧವಾಗಿ, ಅದರಿಂದ ಉದ್ದನೆಯ ಪ್ರೋಟೀನ್ ತಯಾರಾಗುತ್ತದೆ. ಅದನ್ನು ಕತ್ತರಿಸಿದರೆ ಹೊಸ ಸಿಆರ್‌ಎಚ್. ಸಿಆರ್‌ಎಚ್‌ನಿಂದ ಪಿಟ್ಯುಟರಿ ಎಸಿಟಿಎಚ್ ಬಿಡುತ್ತದೆ, ಅದರಿಂದ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಬಿಡುತ್ತದೆ. ಕಾರ್ಟಿಸಾಲ್ ಹೆಚ್ಚಾದರೆ ಅದೇ ಮೆದುಳಿಗೆ ಹೋಗಿ ಉತ್ಪಾದನೆ ತಗ್ಗಿಸುತ್ತದೆ. ಒಳ್ಳೆಯ ಆಡಿಟರ್.

ಗೆಳತಿ ಹೇಳಿದ ಮಾತ್ರೆ ಪ್ರೊಪ್ರಾನೊಲಾಲ್. ಅದು ತಡೆಯುವುದು ಬೀಟಾ ಗ್ರಾಹಕಗಳನ್ನು. ಎದೆಬಡಿತ, ಕೈನಡುಕ ಕಡಿಮೆಯಾಗಬಹುದು, ಆದರೆ ಆಲ್ಫಾ-1ರ ಮೂಲಕ ಹೋಗುವ ಆರ್ಡರಿಗೆ ಅದು ತಡೆಯಲ್ಲ. ಇನ್ನೊಂದು ಮಾತು: ನನಗೆ ಆಸ್ತಮಾ ಇದೆ. ನನ್ನ ಇನ್‌ಹೇಲರಿನ ಸಾಲ್ಬುಟಮಾಲ್ ಶ್ವಾಸನಾಳದ ಬೀಟಾ-2 ಗ್ರಾಹಕಗಳನ್ನು ಚುರುಕುಗೊಳಿಸಿ ಉಸಿರಿನ ದಾರಿ ತೆರೆಯುತ್ತದೆ. ಆ ಮಾತ್ರೆ ಅದೇ ಗ್ರಾಹಕಗಳನ್ನು ಮುಚ್ಚುತ್ತದೆ. "ಸಾಯೋಕೆ ಹೊರಟಿದ್ದೀಯಾ, ಪಗ್ಲಿ?" ಎಂದು ಆಪಾ ಬೈದದ್ದು ಅದಕ್ಕೇ.

ನಮ್ಮ ತರಗತಿಯಲ್ಲಿ ಬ್ಯಾಗಿನಲ್ಲಿ ಇನ್‌ಹೇಲರ್ ಇಟ್ಟುಕೊಂಡವರು ಇನ್ನಿಬ್ಬರಿದ್ದಾರೆ. ಆ ಮಾತ್ರೆಯ ಬಗ್ಗೆ ಅವರಿಗೂ ಯಾರೋ ಹೇಳಿದ್ದರಂತೆ.