ಹೋಲಿಕೆ ಹೊಳೆಯುವುದೇಕೆ ಕಷ್ಟ: ಕಿರಿಯ ಓದುಗರಿಗೊಂದು ಪತ್ರ



ಹಿಂದೆ ಬಿಡಿಸಿದ ಸಮಸ್ಯೆಯೊಂದರ ಒಳಗಟ್ಟನ್ನು ಹೊಸ ಸಮಸ್ಯೆಗೆ ಹೊಂದಿಸಿ ನೋಡುವ ವಿಧಾನವೇ ಸಾದೃಶ್ಯಚಿಂತನೆ. ನ್ಯಾಯದರ್ಶನವು ಉಪಮಾನವನ್ನು ಪ್ರಮಾಣಗಳಲ್ಲಿ, ಅಂದರೆ ಸರಿಯಾದ ಅರಿವಿನ ಸಾಧನಗಳಲ್ಲಿ, ಒಂದೆಂದು ಎಣಿಸಿತು; ಗವಯವೆಂಬ ಕಾಡುಪ್ರಾಣಿ ಹಸುವಿನಂತಿರುತ್ತದೆ ಎಂದು ಕೇಳಿದ್ದವನು ಅಡವಿಯಲ್ಲಿ ಅದನ್ನು ಕಂಡೊಡನೆ ಗುರುತಿಸುತ್ತಾನೆ ಎಂಬುದು ಅಲ್ಲಿನ ಪ್ರಸಿದ್ಧ ಉದಾಹರಣೆ. ಅಲ್ಲಿ ನೆರವಾಗುವುದು ರೂಪದ ಹೋಲಿಕೆ. ಸಮಸ್ಯೆ ಬಿಡಿಸುವವರಿಗೆ ಬೇಕಾದದ್ದು ಸಂಬಂಧಗಳ ಹೋಲಿಕೆ, ಅದು ಕಣ್ಣಿಗೆ ಬೀಳುವುದಿಲ್ಲ.

ಜರ್ಮನಿಯ ಮನೋವಿಜ್ಞಾನಿ ಕಾರ್ಲ್ ಡುಂಕರ್ ರೂಪಿಸಿದ ಸಮಸ್ಯೆಯೊಂದರಲ್ಲಿ ರೋಗಿಯ ಹೊಟ್ಟೆಯೊಳಗೆ ಗಡ್ಡೆಯಿದೆ, ಅದನ್ನು ಸುಡುವಷ್ಟು ಪ್ರಬಲವಾದ ಕಿರಣ ದಾರಿಯಲ್ಲಿರುವ ಆರೋಗ್ಯಕರ ಅಂಗಾಂಶವನ್ನೂ ಸುಡುತ್ತದೆ, ದುರ್ಬಲ ಕಿರಣ ಎರಡನ್ನೂ ಮುಟ್ಟುವುದಿಲ್ಲ. ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ 1980ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದಕ್ಕೆ ಮೊದಲು ಒಂದು ಕಥೆಯನ್ನು ಓದಿಸಿದರು: ಕೋಟೆಗೆ ಹೋಗುವ ದಾರಿಗಳಲ್ಲೆಲ್ಲ ನೆಲಬಾಂಬುಗಳಿದ್ದು, ದೊಡ್ಡ ಪಡೆ ನಡೆದರೆ ಅವು ಸಿಡಿಯುವುದರಿಂದ, ಸೇನಾಪತಿ ತನ್ನ ದಂಡನ್ನು ಸಣ್ಣ ತುಕಡಿಗಳಾಗಿ ಒಡೆದು ಎಲ್ಲ ದಾರಿಗಳಿಂದಲೂ ಏಕಕಾಲಕ್ಕೆ ಕೋಟೆ ತಲುಪಿಸುತ್ತಾನೆ. ದುರ್ಬಲ ಕಿರಣಗಳನ್ನು ಹಲವು ದಿಕ್ಕುಗಳಿಂದ ಗಡ್ಡೆಯ ಮೇಲೆ ಕೂಡಿಸುವುದೇ ಪರಿಹಾರವೆಂದು ಈಗ ಯಾರಿಗಾದರೂ ತೋರುತ್ತದೆ. ಆದರೆ ಕಥೆಯಿಲ್ಲದೆ ಅದನ್ನು ಕಂಡುಕೊಂಡವರು ನೂರಕ್ಕೆ ಸುಮಾರು 10 ಮಂದಿ. ಕಥೆ ಓದಿಯೂ ತಾವಾಗಿ ಕಂಡುಕೊಂಡವರು ಸುಮಾರು 30. ಆ ಕಥೆ ಉಪಯೋಗಕ್ಕೆ ಬಂದೀತೆಂದು ಸೂಚಿಸಿದ ಮೇಲೆ ಮಾತ್ರ ಆ ಸಂಖ್ಯೆ ಸುಮಾರು 75ಕ್ಕೆ ಏರಿತು.

ಈ ಅಂತರ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಕಾಡಬೇಕು. ಹೆಚ್ಚಿನವರಲ್ಲಿ ಬುದ್ಧಿ ಸೋತಿರಲಿಲ್ಲ, ಕಥೆಯೂ ಮರೆತುಹೋಗಿರಲಿಲ್ಲ. ಕೋಟೆಯ ಕಥೆ ಯುದ್ಧದ ಹೆಸರಿನಲ್ಲಿ ಮನಸ್ಸಿನ ಒಂದು ಮೂಲೆಯಲ್ಲಿ ಕುಳಿತಿತ್ತು, ರೋಗಿಯ ಸಮಸ್ಯೆ ವೈದ್ಯದ ಹೆಸರಿನಲ್ಲಿ ಬಂದು ಇನ್ನೊಂದು ಬಾಗಿಲನ್ನು ತಟ್ಟಿತು. ಗಣಿತದ ಅಧ್ಯಾಯವನ್ನು ಚೆನ್ನಾಗಿ ಕಲಿತವರು ಅದೇ ಲೆಕ್ಕ ಭೌತಶಾಸ್ತ್ರದ ವೇಷದಲ್ಲಿ ಬಂದಾಗ ಗುರುತು ಹಿಡಿಯದಿರುವುದೂ ಬಹುಮಟ್ಟಿಗೆ ಹೀಗೆಯೇ.

ಅದೇ ಸಂಶೋಧಕರು 1983ರಲ್ಲಿ ಒಂದರ ಬದಲು ಎರಡು ಸದೃಶ ಕಥೆಗಳನ್ನು ಕೊಟ್ಟು ಅವುಗಳಲ್ಲಿ ಸಮಾನವಾದುದೇನೆಂದು ಬರೆಯಿಸಿದಾಗ, ಆ ಸಮಾನಾಂಶವನ್ನು ಚೆನ್ನಾಗಿ ಹಿಡಿದವರಿಗೆ ಪರಿಹಾರ ತಾನಾಗಿ ಹೊಳೆಯುವ ಸಂಭವ ಹೆಚ್ಚಿತು. ಆದ್ದರಿಂದ ಕಿರಿಯರು ಒಂದು ಲೆಕ್ಕ ಬಿಡಿಸಿದೊಡನೆ ಪುಟ ತಿರುವದೆ, ಅಂಥದೇ ಮತ್ತೊಂದನ್ನು ಪಕ್ಕಕ್ಕಿಟ್ಟು, ಕೋಟೆ, ಕಿರಣ, ಸೈನಿಕ ಎಂಬ ಹೆಸರುಗಳಾವುವೂ ಬಾರದಂತೆ ಎರಡರ ಸಾರವನ್ನು ತಮ್ಮ ಮಾತಿನ ಒಂದೇ ವಾಕ್ಯದಲ್ಲಿ ಬರೆದಿಡಲಿ. ಮುಂದೊಂದು ದಿನ ಹೊಸ ಸಮಸ್ಯೆಯ ಮುಂದೆ ಕುಳಿತಾಗ ಮೊದಲು ತೆರೆಯಬೇಕಾದದ್ದು ಆ ವಾಕ್ಯಗಳ ಪುಸ್ತಕವನ್ನು.

ಇತಿ,
ಹಿತೈಷಿಯಾದ ಹಿರಿಯರು